ಮೊದಲ ಸೀಟಿನ ಎಂಟು-ಏಳು

“ಮನೆಯಲ್ಲಿ ರಮ್ಮಿ ಆಡಿ ಅಭ್ಯಾಸವಾಗಿರಬೇಕು ಮೇಡಂ, ಒಂದೇ ಗುರುತಿನ ಎರಡು ಎಲೆ ಜೋಡಿಯಾಗಿ ಕಂಡರೆ ಬಿಡಲು ಮನಸ್ಸು ಬರುವುದಿಲ್ಲ.” ಗೋವಾದ ಪೋಕರ್ ಟೂರ್ನಮೆಂಟಿನಲ್ಲಿ ನನ್ನನ್ನು ಸೋಲಿಸಿದವರು ಈ ಮಾತನ್ನು ಹಿಂದಿಯಲ್ಲಿ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ವಿರಾಮದಲ್ಲಿ ನಾನು ಮನೆಗೆ ಫೋನು ಮಾಡಿದ್ದನ್ನು ಕೇಳಿಸಿಕೊಂಡಿದ್ದ ಆ ಮಹಾಶಯರು ಮೊದಲು ನನಗಾಗಿ ಕನ್ನಡದಲ್ಲಿ ಹೇಳಿದರು, ಆಮೇಲೆ ಉಳಿದವರಿಗೂ ತಿಳಿಯಲೆಂದು ಅದನ್ನೇ ಹಿಂದಿಯಲ್ಲಿ ಹೇಳಿದರು. ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಡೀಲರ್ ಹುಡುಗಿ ಕೂಡ ತಲೆ ತಗ್ಗಿಸಿ ನಕ್ಕದ್ದನ್ನು ನಾನು ನೋಡಿದೆ.

ಪಣಜಿಯಿಂದ ಹುಬ್ಬಳ್ಳಿಗೆ ಹೊರಟ ಬಸ್ಸು ಘಟ್ಟ ಹತ್ತುತ್ತಿದೆ, ನನಗೆ ನಿದ್ದೆ ಬರುತ್ತಿಲ್ಲ.

ಒಂಬತ್ತು ಜನರ ಟೇಬಲ್ಲಿನಲ್ಲಿ ಬ್ಲೈಂಡುಗಳ, ಅಂದರೆ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಪಣ ಹಾಕಬೇಕಾದ ಇಬ್ಬರ, ಪಕ್ಕದ ಮೊದಲ ಸೀಟು ನನ್ನದು, ಆ ಬ್ಲೈಂಡು ಪಣ 1,000-2,000, ನನ್ನ ಮುಂದೆ 60,000 ಚಿಪ್ಸ್, ಕೈಯಲ್ಲಿ ಆಟೀನ್ ಎಂಟು ಮತ್ತು ಏಳು. ಸೋತವರು ಮತ್ತೆ ದುಡ್ಡು ಕಟ್ಟಿ ಒಳಬರುವ ಮರುಪ್ರವೇಶದ ಅವಧಿ ಮುಗಿದಿತ್ತು. ಬಹುಮಾನದ ಸಾಲು ಮುಟ್ಟಲು ಇನ್ನೂ ಹನ್ನೊಂದು ಜನ ಹೊರಬೀಳಬೇಕಿತ್ತು. ನಾನು ಪಣವನ್ನು 4,500ಕ್ಕೆ ರೈಸ್ ಮಾಡಿದೆ. ಟೇಬಲ್ಲಿನ ಮೇಲೆ ಎಲೆ ಬಿದ್ದ ನಂತರ ಕೊನೆಯಲ್ಲಿ ಮಾತನಾಡುವ ಬಟನ್ ಸೀಟಿನಲ್ಲಿದ್ದ ಆ ಮಹಾಶಯರೊಬ್ಬರೇ ಅಷ್ಟೇ ಪಣ ಹಾಕಿ ಕಾಲ್ ಮಾಡಿದರು. ಎಲ್ಲರಿಗೂ ಸೇರಿದಂತೆ ಟೇಬಲ್ಲಿನ ಮೇಲೆ ಮೊದಲು ಬಿಚ್ಚುವ ಮೂರು ಎಲೆಗಳಲ್ಲಿ, ಅಂದರೆ ಫ್ಲಾಪಿನಲ್ಲಿ, ಆಟೀನ್ ರಾಜ, ಆಟೀನ್ ಐದು, ಕಳಾವರ್ ಎರಡು ಬಿದ್ದವು. ಒಂದೇ ಗುರುತಿನ ಎಲೆ ಹಿಡಿದು ಕೂತವರಿಗೆ ನೂರರಲ್ಲಿ ಸುಮಾರು ಹನ್ನೊಂದು ಸಲ ಮಾತ್ರ ಇಂಥ ಫ್ಲಶ್ ಡ್ರಾ, ಅಂದರೆ ಒಂದೇ ಗುರುತಿನ ಐದು ಎಲೆ ಕೂಡಲು ಒಂದೇ ಎಲೆ ಬಾಕಿಯಿರುವ ಸ್ಥಿತಿ, ಸಿಗುತ್ತದೆ. ನಾನು 6,000 ಹಾಕಿದೆ, ಅವರು 18,000ಕ್ಕೆ ಏರಿಸಿದರು, ನಾನು ಇದ್ದದ್ದೆಲ್ಲ ಮುಂದಿಟ್ಟು ಆಲ್-ಇನ್ ಎಂದೆ. ಅವರು ಒಂದು ಕ್ಷಣವೂ ಯೋಚಿಸದೆ ಕಾಲ್ ಮಾಡಿ ಎಕ್ಕ ಮತ್ತು ರಾಜವನ್ನು ತಿರುಗಿಸಿಟ್ಟರು, ರಾಜನ ಜೋಡಿ ಅವರದು.

ನಾಲ್ಕನೆಯ ಎಲೆಯಾದ ಟರ್ನಿನಲ್ಲಿ ಇಸ್ಪೀಟ್ ಗುಲಾಮ ಬಂತು. ಇನ್ನು ಒಂದೇ ಎಲೆ, ರಿವರ್. ಡೀಲರ್ ಅದನ್ನು ಮಗುಚುವಾಗ ನನಗೆ ಕಂಡದ್ದು ಕೆಂಪು. ಕೆಂಪು ಕಂಡದ್ದೇ ತಡ, ನಾನು ಕುರ್ಚಿಯಿಂದ ಅರ್ಧ ಎದ್ದು, ಪಕ್ಕದ ಟೇಬಲ್ಲಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ “ಬಂತು!” ಎಂದುಬಿಟ್ಟೆ. ಬಂದಿದ್ದದ್ದು ಡೈಮಂಡ್ ಒಂಬತ್ತು. ಕೂರಬೇಕೋ, ಎದ್ದು ಹೊರಡಬೇಕೋ ತಿಳಿಯದೆ ಟೇಬಲ್ಲಿನ ಅಂಚು ಹಿಡಿದುಕೊಂಡು ಹಾಗೆಯೇ ನಿಂತಿದ್ದೆ. ನನ್ನ ಚಿಪ್ಸನ್ನು ಎರಡೂ ಕೈಗಳಿಂದ ಬಾಚಿಕೊಳ್ಳುತ್ತಲೇ ಅವರು ಆ ರಮ್ಮಿಯ ಮಾತನ್ನು ಆಡಿದರು. ಕಣ್ಣು ಮುಚ್ಚಿದರೆ ಈಗಲೂ ಆ ಒಂಬತ್ತೇ ಕಾಣುತ್ತದೆ, ನನ್ನ “ಬಂತು” ಎಂಬ ಕೂಗೇ ಕೇಳಿಸುತ್ತದೆ.

ತಪ್ಪು ನನ್ನದೇ, ಒಪ್ಪಿದೆ. ಮೊದಲ ಸೀಟಿನಲ್ಲಿ ಕೂತವರ ಹಿಂದೆ ಇನ್ನೂ ಎಂಟು ಜನ ಮಾತನಾಡುವುದು ಬಾಕಿ ಇರುತ್ತದೆ. ಅವರಲ್ಲಿ ಯಾರ ಕೈಯಲ್ಲಿ ದೊಡ್ಡ ಎಲೆಯಿದೆಯೆಂದು ಗೊತ್ತಿರುವುದಿಲ್ಲ, ಬಟನ್ನಿನವರು ಕಾಲ್ ಮಾಡಿದರೆ ಫ್ಲಾಪ್ ಬಿದ್ದ ಮೇಲೂ ನಾವೇ ಮೊದಲು ಬಾಯಿಬಿಡಬೇಕು. ಎಂಟು-ಏಳಿನಂಥ ಎಲೆಗಳು ಹತ್ತು ಸಲ ಸೋತದ್ದನ್ನು ಒಂದು ಸಲ ಗೆದ್ದು ತುಂಬಿಸಿಕೊಡಬೇಕಾದರೆ ಇಬ್ಬರ ಮುಂದೆಯೂ ಬೆಟ್ಟದಷ್ಟು ಚಿಪ್ಸ್ ಇರಬೇಕು. ಟೂರ್ನಮೆಂಟಲ್ಲದೆ ನೇರವಾಗಿ ಹಣಕ್ಕೆ ಆಡುವ ಟೇಬಲ್ಲಿನಲ್ಲಿ ಅದು ಇರುತ್ತದೆ. ಬ್ಲೈಂಡು ಏರುತ್ತಲೇ ಹೋಗುವ ಟೂರ್ನಮೆಂಟಿನಲ್ಲಿ ದೊಡ್ಡ ಬ್ಲೈಂಡಿನ ಮೂವತ್ತರಷ್ಟೇ ಚಿಪ್ಸ್ ಇರುವವಳಿಗೆ ಆ ಐಶ್ವರ್ಯ ಎಲ್ಲಿಂದ ಬರಬೇಕು? ಇಷ್ಟೆಲ್ಲ ತಿಳಿದೂ ಆಡಿದೆನಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಆದರೆ ಅದೇ ಮನುಷ್ಯ ಅರ್ಧ ಗಂಟೆ ಮೊದಲು ಏನು ಮಾಡಿದ್ದರು? ಅದೇ ಮೊದಲ ಸೀಟಿನ ಸರದಿಯಲ್ಲಿ, ನನಗಿಂತ ಕಡಿಮೆ ಚಿಪ್ಸ್ ಇಟ್ಟುಕೊಂಡು, ಇಸ್ಪೀಟ್ ಆರು-ಐದು ಆಡಿದರು. ಫ್ಲಾಪಿನಲ್ಲಿ ಏಳು, ಎಂಟು ಬಿದ್ದವು. ಟರ್ನಿನಲ್ಲಿ ಎದುರಾಳಿ ಆಲ್-ಇನ್ ಎಂದಾಗ, ಉಳಿದ ಒಂದೇ ಎಲೆಗಾಗಿ ತಮ್ಮ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದರು. ಆ ಒಂದು ಎಲೆಗೆ ಸ್ಟ್ರೇಟ್, ಅಂದರೆ ಸಾಲಾಗಿ ಐದು ಎಲೆ, ಕೂಡುವ ಸಾಧ್ಯತೆ ನೂರಕ್ಕೆ 17ರಷ್ಟು. ರಿವರಿನಲ್ಲಿ ನಾಲ್ಕು ಬಂತು, ಟೇಬಲ್ಲು “ಭಲೇ” ಎಂದಿತು, ಪಕ್ಕದವರು ಬೆನ್ನು ತಟ್ಟಿದರು. ಫ್ಲಾಪಿನಲ್ಲಿ ನಾನು ಆಲ್-ಇನ್ ಎಂದಾಗ ನನಗೆ ಎರಡು ಎಲೆ ಬಾಕಿಯಿದ್ದವು, ಸಾಧ್ಯತೆ ಸುಮಾರು 35ರಷ್ಟಿತ್ತು, ಎದುರಿನವರು ಹೆದರಿ ಎಲೆ ಕೆಳಗಿಟ್ಟು ಫೋಲ್ಡ್ ಮಾಡುವ ಅವಕಾಶ ಬೇರೆ ಇತ್ತು. ಅವರು ಮಾಡಿದ್ದು ಧೈರ್ಯವಂತೆ, ನಾನು ಮಾಡಿದ್ದು ರಮ್ಮಿಯಂತೆ!

ಹೌದು, ನಾನು ರಮ್ಮಿ ಆಡಿಯೇ ಎಲೆ ಹಿಡಿಯಲು ಕಲಿತವಳು. ಮದುವೆಯ ಛತ್ರದಲ್ಲಿ ಜಮಖಾನೆಯ ಮೇಲೆ ಕೂತು, ಅತ್ತೆಯಂದಿರ ನಡುವೆ. ಅಲ್ಲಿ ಆಟೀನ್ ಏಳು-ಎಂಟು ಕೈಗೆ ಬಂದರೆ ಆರಕ್ಕೋ ಒಂಬತ್ತಕ್ಕೋ ಕಾಯುವುದೇ ಸರಿಯಾದ ಆಟ. ಅದರಲ್ಲಿ ಅವಮಾನವೇನಿದೆ? ಅಥವಾ ಅವರು ಹೇಳಿದ್ದು ನಿಜವೇ ಇರಬಹುದು; ಆ ಎರಡು ಎಲೆ ಕಂಡಾಗ ನನ್ನೊಳಗೆ ಸಂತೋಷವಾದದ್ದು ಆ ಜಮಖಾನೆಯ ಸಂತೋಷವೇ. ಇರಲಿ. ಏನು ಹೇಳಿ ಏನು ಪ್ರಯೋಜನ. 2025ರ ಆಗಸ್ಟಿನಲ್ಲಿ ಬಂದ ಕಾಯ್ದೆಯಿಂದ ಆನ್‌ಲೈನಿನ ಹಣದಾಟ ನಿಂತಿದೆ, ನಾಲ್ಕು ತಿಂಗಳು ಉಳಿತಾಯ ಮಾಡಿ ಗೋವಾಕ್ಕೆ ಬರಬೇಕು, ಮುಂದಿನ ಸಲ ಯಾವಾಗಲೋ.

ಇಲ್ಲ, ಇರಲಿ ಎಂದು ಬಿಡಲು ನನ್ನಿಂದಾಗುತ್ತಿಲ್ಲ. ಆ ಟೇಬಲ್ಲಿನಲ್ಲಿ ಕೂತಿದ್ದವರಲ್ಲಿ ಯಾರಾದರೊಬ್ಬರು ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಆ ನಾಲ್ಕು ಬಾರದೆ ಅಲ್ಲಿಯೂ ನನಗೆ ಬಂದಂತೆ ಯಾವ ಕೆಲಸಕ್ಕೂ ಬಾರದ ಎಲೆ ಬಂದಿದ್ದರೆ, ನೀವು ಅವರಿಗೂ ರಮ್ಮಿಯ ಮಾತು ಹೇಳಿ ನಗುತ್ತಿದ್ದಿರೇ?