ಕುಸ್ ಗೆದ್ದದ್ದು ದಾನ ಅಲ್ಲ

ಪ್ರತಿ ಭಾನುವಾರ ಸೈಕಲ್‌ನಲ್ಲಿ ಚಾಮುಂಡಿ ಬೆಟ್ಟ ಹತ್ತಿ ಇಳಿದ ಮೇಲೆ ಟೀ ಅಂಗಡಿ ಮುಂದೆ ಅದೇ ಮಾತು. '2023ರ ವುವೆಲ್ಟಾವನ್ನ ಸೆಪ್ ಕುಸ್‌ಗೆ ಟೀಮಿನವರೇ ದಾನ ಕೊಟ್ರು ಬಿಡಿ.' ವುವೆಲ್ಟಾ ಅಂದರೆ ಸ್ಪೇನಿನ ಮೂರು ವಾರದ ಸೈಕಲ್ ರೇಸು; ಕುಸ್ ಅಲ್ಲಿಯವರೆಗೆ ಟೀಮಿನ ನಾಯಕರಿಗೆ ನೆರವಾಗುತ್ತಿದ್ದ ಸವಾರ. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ದಾನ ಹೇಗಾಗುತ್ತೆ? ಅದೇ ವರ್ಷ ಅವನು ಇಟಲಿಯ ಜಿರೋ ರೇಸಿನಲ್ಲಿ ತನ್ನದೇ ಟೀಮಿನ ರೋಗ್ಲಿಚ್‌ಗಾಗಿ, ಟೂರ್ ಡಿ ಫ್ರಾನ್ಸ್‌ನಲ್ಲಿ ಅದೇ ಟೀಮಿನ ವಿಂಗೆಗಾರ್ಡ್‌ಗಾಗಿ ದುಡಿದಿದ್ದ. ಇಬ್ಬರೂ ಗೆದ್ದರು. ವುವೆಲ್ಟಾದಲ್ಲಿ, ಒಟ್ಟಾರೆ ಮುಂದಿರುವವನು ತೊಡುವ ಕೆಂಪು ಜೆರ್ಸಿ ಕುಸ್ ಮೈಮೇಲೇ ಇತ್ತು. ಆದರೂ ಆಂಗ್ಲಿರು ಬೆಟ್ಟದಲ್ಲಿ ಅದೇ ಇಬ್ಬರು ಅವನನ್ನು ಹಿಂದೆ ಬಿಟ್ಟು ಹೋದರು. ಅವತ್ತು ಅವನಿಗೆ ಜೊತೆಯಾದದ್ದು ಬೇರೆ ಟೀಮಿನ ಮಿಕೆಲ್ ಲಾಂಡಾ! ಮುನ್ನಡೆ ಬರೀ 8 ಸೆಕೆಂಡಿಗೆ ಇಳಿಯಿತು. ಆಮೇಲೆ ಟೀಮು ಅವನ ಬೆನ್ನಿಗೆ ನಿಂತಿತು, ಒಪ್ಪುತ್ತೇನೆ. 17 ಸೆಕೆಂಡಿನಲ್ಲಿ ಗೆದ್ದ. ಅದು ಅವನು ದುಡಿದದ್ದಕ್ಕೆ ಸಿಗಬೇಕಾದ ಕೂಲಿ, ಅಲ್ವಾ?

ನಂಜನಗೂಡು ರಸ್ತೆಯಲ್ಲಿ ಎದುರುಗಾಳಿ ಇದ್ದಾಗ ನಮ್ಮಲ್ಲೂ ಒಬ್ಬ ಹುಡುಗ ಯಾವಾಗಲೂ ಮುಂದೆ ಇರುತ್ತಾನೆ. ಗಾಳಿಯೆಲ್ಲ ಅವನ ಎದೆಗೆ. ಮಿಕ್ಕವರು ಅವನ ಹಿಂದೆ ಆರಾಮಾಗಿ ಬಂದು, ಊರು ಹತ್ತಿರವಾದ ತಕ್ಷಣ ಅವನನ್ನು ದಾಟಿ ಓಡುತ್ತಾರೆ. ಒಂದು ಮಾತೂ ಆಡದೆ. ದಾನದ ಮಾತಾಡುವವರೂ ಇವರೇ. ನನಗೆ ಸಿಟ್ಟು ಜಾಸ್ತಿ ಬರುವುದು ಅದಕ್ಕೇ.