ಮಾರ್ಜಾಲ ಸ್ವಾಗತ ಸಮಿತಿ

ತಳಿ ಬೆಳೆಸಿ ಮಾರುವ ಬ್ರೀಡರ್ ಒಬ್ಬರಿಂದ ಜಾತಿ ಬೆಕ್ಕಿನ ಮರಿಯನ್ನು ತರಬೇಕೆಂದು ಸಂಕಲ್ಪಿಸಿದ ಮನುಷ್ಯ ಮರಿಯ ಮುಖ ನೋಡುವ ಮೊದಲು ಅರ್ಜಿ ನಮೂನೆಯ ಮುಖ ನೋಡಬೇಕಾಗುತ್ತದೆ. ಮನೆ ಸ್ವಂತದ್ದೋ ಬಾಡಿಗೆಯದೋ, ಕಿಟಕಿ ಬಾಲ್ಕನಿಗಳಿಗೆ ಜಾಲರಿ ಹಾಕಿಸಿದ್ದೀರೋ ಇಲ್ಲವೋ, ಹಗಲು ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಪ್ರವಾಸ ಹೊರಟಾಗ ಬೆಕ್ಕನ್ನು ಯಾರ ವಶಕ್ಕೆ ಒಪ್ಪಿಸುತ್ತೀರಿ, ಹಿಂದೆ ಸಾಕಿದ ಪ್ರಾಣಿ ಯಾವ ಕಾರಣದಿಂದ ತೀರಿಕೊಂಡಿತು, ನಿಮ್ಮನ್ನು ಬಲ್ಲ ಪಶುವೈದ್ಯರು ಯಾರು ಎಂಬಿತ್ಯಾದಿ ಪ್ರಶ್ನೆಗಳಿಗೆ ಸವಿವರವಾಗಿ ಉತ್ತರಿಸಬೇಕು. ಬ್ಯಾಂಕಿನ ಸಾಲಪತ್ರವನ್ನೂ ಓದದೆ ರುಜು ಹಾಕಿದ ಮಹನೀಯರು ಕೂಡ ಇಲ್ಲಿ ‘ನಿಮಗೆ ಬೆಕ್ಕು ಏಕೆ ಬೇಕು’ ಎಂಬ ಪ್ರಶ್ನೆಯ ಎದುರು ಪೆನ್ನು ಕಚ್ಚುತ್ತ ಕುಳಿತು, ಜಾಗ ಸಾಲದೆ ಹೆಚ್ಚುವರಿ ಹಾಳೆ ಲಗತ್ತಿಸುತ್ತಾರೆ.

ಇಷ್ಟೆಲ್ಲ ಕೇಳುವ ಬ್ರೀಡರನ್ನು ಗೇಲಿ ಮಾಡುವ ಉದ್ದೇಶ ನನಗಿಲ್ಲ. ಮುಂಗಡ ಕೈಸೇರಿದ ಕೂಡಲೇ ವಿಳಾಸ ಕೇಳಿ ಮರಿಯನ್ನು ಸಾಗಹಾಕುವವರಿಗಿಂತ, ಪ್ರಶ್ನೆ ಕೇಳಿ ತಲೆ ತಿನ್ನುವವರು ಎಷ್ಟೋ ಮೇಲು. ನನಗೆ ಅಚ್ಚರಿಯಾಗುವುದು ಅದೇ ಹೊತ್ತಿನಲ್ಲಿ ಕೊಳ್ಳುವವರು ಕೇಳುವ ಪ್ರಶ್ನೆಗಳನ್ನು ಕಂಡಾಗ. ಬಣ್ಣ ಯಾವುದು, ಕಿವಿ ಪೂರ್ತಿ ಮಡಚಿಕೊಂಡಿದೆಯೇ, ಮೂಗು ಇನ್ನೂ ಸ್ವಲ್ಪ ಚಪ್ಪಟೆಯಾಗಬಹುದೇ, ದಿನಕ್ಕೆ ಎಷ್ಟು ಫೋಟೊ ಕಳುಹಿಸುತ್ತೀರಿ ಎಂಬಲ್ಲಿಗೆ ಅವರ ವಿಚಾರಣೆ ಮುಗಿಯುತ್ತದೆ. ಹದಿನೈದು ವರ್ಷ ಜೊತೆಗಿರಬೇಕಾದ ಜೀವಿಯ ಎದೆ, ಮೂತ್ರಪಿಂಡ, ಕೀಲುಗಳ ಬಗ್ಗೆ ಒಂದು ಮಾತು ಬರುವುದಿಲ್ಲ. ಅದೇ ಜನ ಹಳೆಯ ಸ್ಕೂಟರ್ ಕೊಳ್ಳುವಾಗ ಮಾತ್ರ ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡೇ ಹೋಗುತ್ತಾರೆ.

ಈಗಿನ ಪದ್ಧತಿಯ ಪ್ರಕಾರ, ತಾಯಿ ಬೆಕ್ಕು ಗರ್ಭ ಧರಿಸುವ ಮೊದಲೇ ಅದರ ಮರಿಗಳ ವಿಲೇವಾರಿ ಮುಗಿದಿರುತ್ತದೆ. ಬೆಕ್ಕಿನ ಗರ್ಭಾವಧಿ ಸುಮಾರು 63ರಿಂದ 65 ದಿನಗಳಷ್ಟೇ ಆದರೂ, ಸರದಿ ಪಟ್ಟಿಯಲ್ಲಿ ನಿಂತವರ ಅವಧಿ ಅದಕ್ಕಿಂತ ಬಹಳ ದೀರ್ಘ. ಮರಿಗಳು ಹುಟ್ಟಿ, ವಾರ ಹತ್ತು ದಿನಗಳಲ್ಲಿ ಕಣ್ಣು ಬಿಟ್ಟಾಗ ಎಲ್ಲದರ ಕಣ್ಣೂ ನೀಲಿಯೇ. ‘ನಮಗೆ ಆ ನೀಲಿ ಕಣ್ಣಿನದ್ದೇ ಇರಲಿ’ ಎಂದು ಫೋಟೊಕ್ಕೆ ಬೆರಳಿಟ್ಟು ಕಾಯ್ದಿರಿಸಿದವರು, ಆರೇಳು ವಾರಗಳಾಗುತ್ತಲೇ ಬಹುತೇಕ ತಳಿಗಳಲ್ಲಿ ಆ ಕಣ್ಣು ಹಸಿರಿಗೋ ಹಳದಿಗೋ ತಾಮ್ರದ ಬಣ್ಣಕ್ಕೋ ತಿರುಗುವುದನ್ನು ಕಂಡು, ಮರಿ ಬದಲಾಗಿದೆಯೆಂದು ಶಂಕಿಸುತ್ತಾರೆ. ಸಯಾಮೀಸ್ ಬಯಸಿದವರ ದೂರು ಬೇರೆ. ಆ ತಳಿಯಲ್ಲಿ ಬಣ್ಣ ತಯಾರಿಸುವ ಕಿಣ್ವ ದೇಹದ ತಂಪಾದ ಭಾಗಗಳಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುವುದರಿಂದ, ಗರ್ಭದ ಬೆಚ್ಚನೆಯಲ್ಲಿ ಬೆಳೆದ ಮರಿ ಹೆಚ್ಚುಕಡಿಮೆ ಬಿಳಿಯಾಗಿಯೇ ಹುಟ್ಟುತ್ತದೆ. ಮೂತಿ, ಕಿವಿ, ಪಾದ, ಬಾಲಗಳಿಗೆ ಬಣ್ಣ ಹತ್ತುವುದು ಆಮೇಲೆ. ಕಪ್ಪು ಮೂತಿಗೆ ಹಣ ಕೊಟ್ಟು ಬಿಳಿ ಮೂತಿ ಕಂಡ ಗ್ರಾಹಕರಿಗೆ ಪ್ರಕೃತಿಯ ಪರವಾಗಿ ಸಮಜಾಯಿಷಿ ನೀಡುವ ಹೊಣೆಯೂ ಬ್ರೀಡರ್ ಹೆಗಲಿಗೇ ಬೀಳುತ್ತದೆ.

ಬ್ರಿಟನ್ನಿನಲ್ಲಿ ಬೆಕ್ಕುಗಳ ತಳಿ ನೋಂದಣಿ ನಡೆಸುವ ಗವರ್ನಿಂಗ್ ಕೌನ್ಸಿಲ್ ಆಫ್ ದ ಕ್ಯಾಟ್ ಫ್ಯಾನ್ಸಿ ಎಂಬ ಸಂಸ್ಥೆ, 13 ವಾರ ತುಂಬುವ ಮೊದಲು ಮರಿ ಹೊಸ ಮನೆಗೆ ಹೋಗಬಾರದೆಂದು ಹೇಳುತ್ತದೆ. ಬೆಕ್ಕುಗಳಿಗೆ ರೋಗ ತರುವ ಪ್ಯಾನ್‌ಲ್ಯುಕೋಪೀನಿಯ, ಹರ್ಪಿಸ್, ಕ್ಯಾಲಿಸಿ ವೈರಸ್‌ಗಳ ವಿರುದ್ಧದ ಲಸಿಕೆ ಆ ಹೊತ್ತಿಗೆ ಒಂದು ಹಂತ ತಲುಪಿರುತ್ತದೆ. ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬ ಸಭ್ಯತೆಯ ಮೊದಲ ಪಾಠವನ್ನು ತಾಯಿಯೂ ಒಡಹುಟ್ಟಿದ ಮರಿಗಳೂ ಕಲಿಸಿರುತ್ತವೆ. ಮರಿಯ ದಾರಿ ಕಾಯುವ ಮನೆಮಂದಿಯ ಸ್ವಾಗತ ಸಮಿತಿಗೆ ಇದು ಸಮ್ಮತವಲ್ಲ. ಎಂಟನೆಯ ವಾರದಲ್ಲಿ ಮರಿ ಅಂಗೈ ಮೇಲೆ ಕೂರುತ್ತದೆ, ಹದಿಮೂರನೆಯ ವಾರಕ್ಕೆ ಕೈಕಾಲು ಉದ್ದವಾಗಿ ಕ್ಯಾಮೆರಾಕ್ಕೆ ಅಷ್ಟು ಒಪ್ಪುವುದಿಲ್ಲ ಎಂಬುದು ಅದರ ಖಚಿತ ನಿಲುವು. ‘ಮರಿತನವೆಲ್ಲ ನಿಮ್ಮಲ್ಲೇ ಮುಗಿದುಹೋದರೆ ನಮಗೆ ಉಳಿಯುವುದೇನು’ ಎಂದು ಕಣ್ಣೀರು ತುಂಬಿಕೊಂಡು ವಾದಿಸಿ, ಬಗ್ಗುವ ಬ್ರೀಡರ್ ಸಿಕ್ಕರೆ ಎಂಟನೆಯ ವಾರದಲ್ಲೇ ಎತ್ತಿಕೊಂಡು ಬಂದು, ಹತ್ತನೆಯ ವಾರದಲ್ಲಿ ಗೀರುಬಿದ್ದ ಮುಂಗೈಗಳನ್ನು ಊರಿಗೆಲ್ಲ ತೋರಿಸುತ್ತ, ಈ ತಳಿಯೇ ಬಹಳ ಒರಟು ಎಂದು ತೀರ್ಪು ಕೊಡುವವರಿದ್ದಾರೆ.

ಕಾಯುವ ಕಾಲವನ್ನು ವ್ಯರ್ಥ ಮಾಡಬಾರದೆಂಬ ದೃಷ್ಟಿಯಿಂದ ಖರೀದಿ ಆರಂಭವಾಗುತ್ತದೆ. ಮಲವಿಸರ್ಜನೆಯಾದ ಕೂಡಲೇ ತಾನೇ ಸ್ವಚ್ಛಗೊಳಿಸಿಕೊಂಡು ಯಜಮಾನರ ಮೊಬೈಲಿಗೆ ಸಂದೇಶ ರವಾನಿಸುವ ಯಾಂತ್ರಿಕ ಲಿಟರ್ ಟ್ರೇ ಎಂಬ ಬೆಕ್ಕಿನ ಶೌಚದ ತಟ್ಟೆ, ಮೂರು ಹಂತಗಳಲ್ಲಿ ನೀರು ಸೋಸುವ ಕಾರಂಜಿ, ಬೆಕ್ಕು ಹತ್ತಿ ಆಡಲೆಂದು ಛಾವಣಿ ಮುಟ್ಟುವ ಗೋಪುರ, ಪರದೆಯ ಕೆಂಪಿಗೆ ಹೊಂದುವ ಕೆಂಪು ಹಾಸಿಗೆ ಒಂದೊಂದಾಗಿ ಬಂದಿಳಿಯುತ್ತವೆ. ಬೆಕ್ಕಿನ ಕಣ್ಣಿಗೆ ಕೆಂಪು ಬಣ್ಣ ಸರಿಯಾಗಿ ಗೋಚರಿಸುವುದಿಲ್ಲ ಎಂಬುದು ಹಾಸಿಗೆ ಮಾರುವವರು ಹೇಳುವ ವಿಷಯವಲ್ಲ. ಕ್ಯಾಟ್‌ನಿಪ್ ಸೊಪ್ಪು ತುಂಬಿದ ಆಟಿಕೆಗಳಂತೂ ರಾಶಿ ರಾಶಿ. ಆ ಸೊಪ್ಪಿನ ವಾಸನೆಗೆ ಬೆಕ್ಕು ಮರುಳಾಗುವುದು ಸಾಮಾನ್ಯವಾಗಿ ಕೆಲವು ತಿಂಗಳ ವಯಸ್ಸು ದಾಟಿದ ಮೇಲೆ, ಅದೂ ಎಲ್ಲ ಬೆಕ್ಕುಗಳಿಗಲ್ಲ. ಆ ಗುಣ ಹುಟ್ಟಿನಿಂದ ಬಂದಿರಬೇಕು. ಮೂರು ತಿಂಗಳ ಮರಿ ಆ ಆಟಿಕೆಗಳನ್ನು ಒಮ್ಮೆ ಮೂಸಿ ಮುಂದೆ ಸಾಗಿದಾಗ, ಮಾಲು ಹಳೆಯದಿರಬೇಕು ಎಂದು ಸಮಿತಿ ನಿರ್ಣಯ ಅಂಗೀಕರಿಸಿ ಇನ್ನಷ್ಟು ತರಿಸುತ್ತದೆ.

ಇದೆಲ್ಲವನ್ನು ಹೊತ್ತು ತಂದ ರಟ್ಟಿನ ಪೆಟ್ಟಿಗೆಯನ್ನು ಮಾತ್ರ ರದ್ದಿಗೆ ಹಾಕಿರುತ್ತಾರೆ. ನೆದರ್‌ಲೆಂಡ್ಸ್‌ನಲ್ಲಿ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಡಗಿಕೊಳ್ಳಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಒತ್ತಡದಿಂದ ಹೊರಬಂದು ಹೊಂದಿಕೊಂಡವೆಂದು ಹೇಳಿದೆ. ರದ್ದಿಗೆ ಹೋದ ವಸ್ತುವನ್ನು ಹೀಗೆ ಹೊಗಳುವ ಸಂಶೋಧನೆಯಿಂದ ಗೋಪುರದ ವ್ಯಾಪಾರಕ್ಕೆ ಯಾವ ಧಕ್ಕೆಯೂ ಆದಂತೆ ಕಾಣುವುದಿಲ್ಲ.

ಮರಿ ಬರುವ ದಿನದ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ನಡುಮನೆಯ ಮೇಜಿನ ಮೇಲೆ ಗಾಜಿನ ಹೂದಾನಿ. ಅದರಲ್ಲಿ ಬಿಳಿ ಲಿಲ್ಲಿ ಹೂವುಗಳು. ಕುರ್ಚಿಗಳ ಬೆನ್ನಿಗೆ ಬಲೂನುಗಳು. ಪ್ರತಿ ಬಲೂನಿನಿಂದ ಜೋತುಬಿದ್ದ ಹೊಳೆಯುವ ರಿಬ್ಬನ್ನು. ಮೂಲೆಯಲ್ಲಿ ಸುಗಂಧ ತೈಲದ ಹೊಗೆ ಉಗುಳುವ ಯಂತ್ರ. ಲಿಟರ್ ಟ್ರೇಯಲ್ಲಿ ಲ್ಯಾವೆಂಡರ್ ಪರಿಮಳದ ಹರಳು. ನೋಡುವವರ ಕಣ್ಣಿಗೆ ಇದು ಹಬ್ಬ, ಪಶುವೈದ್ಯರ ಕಣ್ಣಿಗೆ ಅಪರಾಧ ನಡೆಯಲಿರುವ ಸ್ಥಳ. ಲಿಲ್ಲಿಯ ಎಲೆ, ಹೂವು, ಪರಾಗ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಮೈಗೆ ಮೆತ್ತಿದ ಪರಾಗವನ್ನು ನೆಕ್ಕಿದರೂ ಪ್ರಾಣಕ್ಕೆ ಕುತ್ತು ಬರಬಹುದು. ನುಂಗಿದ ರಿಬ್ಬನ್ನು ಕರುಳನ್ನು ನೆರಿಗೆ ನೆರಿಗೆಯಾಗಿ ಸೆಳೆದುಬಿಡುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ. ಲ್ಯಾವೆಂಡರ್ ಹರಳು ಕೊಲ್ಲುವುದಿಲ್ಲ; ಆ ವಾಸನೆ ಸಹಿಸಲಾರದ ಮರಿ ಟ್ರೇ ಬಿಟ್ಟು ಕೆಂಪು ಹಾಸಿಗೆಯನ್ನು ಆರಿಸಿಕೊಳ್ಳುತ್ತದೆ, ಅಷ್ಟೇ.

ತಿಳಿದವರು ಹೇಳುವ ಸಿದ್ಧತೆ ಎಷ್ಟು ಸಪ್ಪೆಯೆಂದರೆ ಅದರ ಫೋಟೊ ತೆಗೆಯಲೂ ಮನಸ್ಸು ಬಾರದು. ಮೊದಲ ಕೆಲವು ದಿನಗಳಿಗೆ ಒಂದೇ ಒಂದು ಸದ್ದಿಲ್ಲದ ಕೋಣೆ, ಬ್ರೀಡರ್ ಮನೆಯಲ್ಲಿ ಬಳಸುತ್ತಿದ್ದ ಅದೇ ಆಹಾರ ಮತ್ತು ಟ್ರೇಗೆ ಹಾಕುವ ಅದೇ ಲಿಟರ್ ಹರಳು, ತಾಯಿಯ ವಾಸನೆಯಿರುವ ಒಂದು ಹಳೆಯ ಬಟ್ಟೆ, ಅಡಗಿಕೊಳ್ಳಲು ಒಂದು ಜಾಗ, ಒಂದೆರಡು ದಿನಗಳೊಳಗೆ ಪಶುವೈದ್ಯರಿಂದ ತಪಾಸಣೆ, ಇಷ್ಟೇ. ಇದಕ್ಕೆ ಅತಿಥಿಗಳನ್ನು ಕರೆಯಲಾಗದು. ಆದ್ದರಿಂದ ಮರಿಯನ್ನು ಹೊತ್ತು ತಂದ ಕ್ಯಾರಿಯರ್ ಪೆಟ್ಟಿಗೆಯ ಬಾಗಿಲು ತೆರೆಯುವುದು ನಡುಮನೆಯಲ್ಲೇ, ಸುತ್ತ ಹನ್ನೆರಡು ಮೊಬೈಲುಗಳು ಸಜ್ಜಾದ ಮೇಲೆ. ಮರಿ ಒಮ್ಮೆ ತಲೆ ಹೊರಹಾಕಿ, ಸಭೆಯನ್ನು ಅವಲೋಕಿಸಿ, ಫ್ರಿಜ್ಜಿನ ಹಿಂದಿನ ಸಂದಿಗೆ ನುಗ್ಗುತ್ತದೆ. ಮರುದಿನದ ಆಲ್ಬಮ್ಮಿನಲ್ಲಿ ಫ್ರಿಜ್ಜಿನ ಚಿತ್ರಗಳೇ ಹೆಚ್ಚು.

ಇನ್ನು ಹೆಸರು ಮತ್ತು ವಂಶ. ಜಾತಿ ಬೆಕ್ಕಿಗೆ ದಾಖಲೆಯ ಹೆಸರೊಂದಿರುತ್ತದೆ. ಅದರ ಮುಂದೆ ಕ್ಯಾಟರಿಯ, ಅಂದರೆ ಬ್ರೀಡರ್ ಬೆಕ್ಕು ಬೆಳೆಸುವ ಕೇಂದ್ರದ ಹೆಸರು ಮನೆತನದ ಬಿರುದಿನಂತೆ ನಿಂತಿರುತ್ತದೆ. ಫ್ರಾನ್ಸಿನಲ್ಲಿ ಪ್ರತಿ ವರ್ಷಕ್ಕೂ ಒಂದು ಅಕ್ಷರ ಗೊತ್ತುಮಾಡಿ, ಆ ವರ್ಷ ಹುಟ್ಟಿದ ಮರಿಗಳ ಹೆಸರು ಅದರಿಂದಲೇ ಶುರುವಾಗಬೇಕೆಂಬ ಪದ್ಧತಿಯಿದೆ. ಹೆಸರು ಹುಡುಕುವುದು ಕಷ್ಟವೆಂದು ಆರು ಅಕ್ಷರಗಳನ್ನು ಸರದಿಯಿಂದಲೇ ಕೈಬಿಟ್ಟಿದ್ದಾರೆ. ಬೆಕ್ಕುಗಳು ತಮ್ಮ ಹೆಸರನ್ನು ಇತರ ಪದಗಳಿಂದ ಬೇರ್ಪಡಿಸಿ ಗುರುತಿಸಬಲ್ಲವೆಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದರು. ಗುರುತಿಸಿದ ಮೇಲೆ ಎದ್ದು ಬರುತ್ತವೆಂದು ಅವರು ಹೇಳಿಲ್ಲ.

ವಂಶಾವಳಿಯ ಹಾಳೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರನ್ನು ಕಂಡಾಗ, ಆ ಹಾಳೆ ಎಲ್ಲಿಯವರೆಗೆ ಹಿಂದಕ್ಕೆ ಹೋಗುತ್ತದೆಂದು ಲೆಕ್ಕ ಹಾಕುವ ಮನಸ್ಸಾಗುತ್ತದೆ. ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೆಕ್ಕುಗಳ ಪ್ರದರ್ಶನ ಏರ್ಪಡಿಸಿದ್ದು 1871ರಲ್ಲಿ. ಇಂದಿನ ತಳಿಗಳ ಪಟ್ಟಿ, ಮಾನದಂಡ, ಪದಕಗಳ ವ್ಯವಹಾರವೆಲ್ಲ ಬೆಳೆದದ್ದು ಅದರಿಂದ ಈಚೆಗೆ. ಅಮೆರಿಕದ ತಳಿ ನೋಂದಣಿ ಸಂಸ್ಥೆ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಹುಟ್ಟಿದ್ದು 1906ರಲ್ಲಿ. ಸೈಪ್ರಸ್ ದ್ವೀಪದಲ್ಲಾದರೋ, ಸುಮಾರು 9,500 ವರ್ಷಗಳ ಹಿಂದೆಯೇ ಮನುಷ್ಯನೊಬ್ಬನ ಪಕ್ಕದಲ್ಲಿ ಬೆಕ್ಕೊಂದನ್ನು ಹೂಳಿದ್ದರು. ಧಾನ್ಯದ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು ಎಂಬಷ್ಟೇ ಆ ಸಂಬಂಧದ ಮೂಲ. ಆಗ ಯಾರೂ ಯಾರಿಗೂ ಅರ್ಜಿ ಹಾಕಿರಲಿಲ್ಲ.

ಈ ಸಮಾರಂಭದಲ್ಲೆಲ್ಲ ಕೇಳದೆ ಉಳಿದ ಪ್ರಶ್ನೆ ಮಡಚಿದ ಕಿವಿಯ ಕೆಳಗೇ ಇದೆ. 1961ರಲ್ಲಿ ಸ್ಕಾಟ್ಲೆಂಡಿನ ತೋಟದ ಮನೆಯೊಂದರಲ್ಲಿ ಸೂಸಿ ಎಂಬ ಬಿಳಿ ಬೆಕ್ಕಿನ ಕಿವಿ ಮಡಚಿದ್ದು ಕಣ್ಣಿಗೆ ಬಿತ್ತು. ಅದರ ಸಂತಾನವೇ ಇಂದು ಜಗತ್ತು ಮುದ್ದಿಸುವ ಸ್ಕಾಟಿಷ್ ಫೋಲ್ಡ್. ಕಿವಿಯನ್ನು ಮಡಚುವ ಆ ವಂಶವಾಹಿಯ ದೋಷ ಕಿವಿಗೇ ನಿಲ್ಲುವುದಿಲ್ಲ, ಮೈಯಲ್ಲಿರುವ ಮೃದ್ವಸ್ಥಿಯನ್ನೆಲ್ಲ ಕೆಡಿಸುತ್ತದೆ. ಬಾಲ ಗಡುಸಾಗುತ್ತದೆ, ಪಾದದ ಕೀಲುಗಳಲ್ಲಿ ಮೂಳೆ ಬೆಳೆದು ಹೆಜ್ಜೆ ಹೆಜ್ಜೆಗೂ ನೋವಾಗುವ ಸ್ಥಿತಿ ಬರಬಹುದು. ಬ್ರಿಟನ್ನಿನ ಅದೇ ನೋಂದಣಿ ಸಂಸ್ಥೆ 1970ರ ದಶಕದ ಆರಂಭದಲ್ಲೇ ಇವುಗಳ ನೋಂದಣಿ ನಿಲ್ಲಿಸಿತು. ಆಮೇಲೆ ಅಮೆರಿಕದಲ್ಲಿ ತಳಿಗೆ ಮನ್ನಣೆ ಸಿಕ್ಕಿತು, ಆಮೇಲೆ ಮೊಬೈಲ್ ಕ್ಯಾಮೆರಾ ಬಂತು. ಆ ಬೆಕ್ಕು ನೆಗೆಯದೆ, ಓಡದೆ ಒಂದೇ ಕಡೆ ಕೂರುವುದನ್ನು ಕಂಡು ‘ಎಷ್ಟು ಸಾಧು ಸ್ವಭಾವ’ ಎಂದು ಮೆಚ್ಚುವ ಮಾಲೀಕರು, ಆ ಸಾಧುತ್ವ ಕೀಲಿನಿಂದ ಬಂದಿರಬಹುದೇ ಎಂದು ಯೋಚಿಸುವ ಗೋಜಿಗೆ ಹೋಗುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿನ ಅಭ್ಯಾಸವೆಂದು ಗಾದೆ ಹೇಳುತ್ತದೆಯಾದರೂ, ಇಲ್ಲಿ ಕಣ್ಣು ಮುಚ್ಚಿಕೊಂಡಿರುವುದು ಬೆಕ್ಕಲ್ಲ.

ಪರ್ಷಿಯನ್ ಬೆಕ್ಕಿನ ಮೂಗನ್ನು ತಲೆಮಾರಿನಿಂದ ತಲೆಮಾರಿಗೆ ಒಳಕ್ಕೆ ಒತ್ತುತ್ತ ಬಂದು, ಕಣ್ಣೀರು ಹರಿದುಹೋಗುವ ನಾಳವನ್ನು ಸೊಟ್ಟಗೆ ಮಾಡಿ, ಕೆನ್ನೆಯ ಮೇಲೆ ಸದಾ ಇಳಿಯುವ ನೀರನ್ನು ಒರೆಸಲು ವಿಶೇಷ ಕಾಗದ ತಯಾರಿಸಿ ಮಾರುವುದು ನಮ್ಮ ನಾಗರಿಕತೆಯ ಸಾಧನೆ. ಇದೇ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರ್ಗುಳ್ಳೆ ಬೆಳೆಯುವ ಆನುವಂಶಿಕ ಕಾಯಿಲೆಯಿದೆ. ಕೆನ್ನೆಯ ಒಳಭಾಗದಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ ಸಾಕು, ತಂದೆ ತಾಯಿಗಳಲ್ಲಿ ಆ ದೋಷವಿದೆಯೇ ಎಂದು ಪ್ರಯೋಗಾಲಯ ಹೇಳಿಬಿಡುತ್ತದೆ. ಮೇನ್ ಕೂನ್ ತಳಿಯಲ್ಲಿ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಗೆ ಕಾರಣವಾಗುವ ವಂಶವಾಹಿಯ ಒಂದು ರೂಪಾಂತರವನ್ನು 2005ರಲ್ಲೇ ಗುರುತಿಸಲಾಗಿದೆ. ಅದೊಂದು ಇಲ್ಲವೆಂದ ಮಾತ್ರಕ್ಕೆ ಹೃದಯ ನಿರಾಳವೆಂದಲ್ಲ. ಆದ್ದರಿಂದ ಒಳ್ಳೆಯ ಬ್ರೀಡರುಗಳು ಸಂತಾನಕ್ಕೆ ಬಿಡುವ ಬೆಕ್ಕುಗಳ ಹೃದಯವನ್ನು ಆಗಾಗ ಸ್ಕ್ಯಾನ್ ಮಾಡಿಸಿ ವರದಿ ಇಟ್ಟಿರುತ್ತಾರೆ. ಕೇಳಿದವರಿಗೆ ತೋರಿಸಲು ಇಟ್ಟ ಆ ವರದಿಗಳು, ಕೇಳುವವರಿಲ್ಲದೆ ಕಡತದಲ್ಲೇ ಹಳದಿಗಟ್ಟುತ್ತವೆ. ವರದಿಯೇ ಇಲ್ಲದವರಿಗೆ ಇದಕ್ಕಿಂತ ಹಿತವಾದ ಗ್ರಾಹಕವರ್ಗ ಇನ್ನೆಲ್ಲಿ ಸಿಕ್ಕೀತು? ವಿಡಿಯೊ ಕರೆಯಲ್ಲಿ ಮರಿಯನ್ನು ತೋರಿಸುತ್ತಾರೆ. ತಾಯಿ ಎಲ್ಲಿ ಎಂದು ಯಾರಾದರೂ ಅಪ್ಪಿತಪ್ಪಿ ಕೇಳಿದರೆ, ಈಗ ತಾನೇ ಮಲಗಿದೆ, ಎಬ್ಬಿಸಬಾರದು ಎನ್ನುತ್ತಾರೆ. ಬೆಕ್ಕು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ನಿದ್ರಿಸುವ ಪ್ರಾಣಿಯಾದ್ದರಿಂದ ಈ ಉತ್ತರವನ್ನು ಅಲ್ಲಗಳೆಯುವಂತೆಯೂ ಇಲ್ಲ.

ಕೊನೆಗೆ ಕರಾರುಪತ್ರ. ಇಷ್ಟು ತಿಂಗಳೊಳಗೆ ಸಂತಾನಹರಣ ಚಿಕಿತ್ಸೆ ಮಾಡಿಸತಕ್ಕದ್ದು, ಉಗುರು ಕೀಳಿಸತಕ್ಕದ್ದಲ್ಲ, ಹೊರಗೆ ಬಿಡತಕ್ಕದ್ದಲ್ಲ, ಸಾಕಲಾಗದಿದ್ದರೆ ಬೇರೆಯವರಿಗೆ ಕೊಡದೆ ಬ್ರೀಡರಿಗೇ ಮರಳಿಸತಕ್ಕದ್ದು ಎಂಬ ಷರತ್ತುಗಳು ಒಟ್ಟಿನಲ್ಲಿ ನ್ಯಾಯವಾದವೇ. ಬೆಕ್ಕಿನ ಹಿತವನ್ನು ಯಾರಾದರೊಬ್ಬರು ಬರವಣಿಗೆಯಲ್ಲಿ ಇಟ್ಟರೆಂಬ ಸಮಾಧಾನ ಅದರಲ್ಲಿದೆ. ಆದರೆ ಕೆಲವು ಕರಾರುಗಳ ಕೊನೆಯ ಪುಟದಲ್ಲಿ ಆರೋಗ್ಯ ಖಾತರಿಯೆಂಬ ಕಲಮು ಬರುತ್ತದೆ. ಒಂದೋ ಎರಡೋ ವರ್ಷಗಳೊಳಗೆ ಆನುವಂಶಿಕ ಕಾಯಿಲೆಯೆಂದು ವೈದ್ಯರು ದೃಢಪಡಿಸಿದರೆ, ದೋಷವಿರುವ ಬೆಕ್ಕನ್ನು ಹಿಂದಿರುಗಿಸಿ ಬದಲಿ ಮರಿ ಪಡೆಯಬಹುದು ಎನ್ನುತ್ತದೆ ಅದು. ಮಿಕ್ಸರಿನ ಮೋಟಾರು ಸುಟ್ಟರೆ ಕೊಡುವ ಸೌಲಭ್ಯವನ್ನು, ಅಷ್ಟು ಹೊತ್ತಿಗೆ ಮನೆಯವರ ದಿಂಬಿನ ಮೇಲೆ ಎರಡು ವರ್ಷ ಮಲಗಿ ಎದ್ದಿರುವ ಜೀವಿಗೂ ವಿಸ್ತರಿಸಿದ ಔದಾರ್ಯವಿದು. ಹೃದಯದ ಸ್ನಾಯುವಿನ ಕಾಯಿಲೆ ಎಷ್ಟೋ ಬೆಕ್ಕುಗಳಲ್ಲಿ ಖಾತರಿಯ ಅವಧಿ ಮುಗಿದು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಬಹಳ ಜನಕ್ಕೆ ಈ ಸೌಲಭ್ಯ ಬಳಸುವ ಪ್ರಮೇಯವೇ ಬರುವುದಿಲ್ಲ. ಅವಧಿಯೊಳಗೇ ಕಾಯಿಲೆ ತೋರಿಸಿಕೊಳ್ಳುವ ಶಿಸ್ತಿನ ಬೆಕ್ಕು ಸಿಕ್ಕವರಿಗೆ ಬದಲಿ ಮರಿ ಬರುವುದು ಅದೇ ಕ್ಯಾಟರಿಯಿಂದ, ಒಮ್ಮೊಮ್ಮೆ ಅದೇ ತಂದೆ ತಾಯಿಗಳ ಮುಂದಿನ ಸೂಲಿನಿಂದ. ಬಣ್ಣವನ್ನು ಮಾತ್ರ ಈ ಸಲ ಎಲ್ಲರಿಗಿಂತ ಮೊದಲು ಆರಿಸಿಕೊಳ್ಳಬಹುದಂತೆ.