ತಲೆಯ ಮೇಲಿನ ಚೊಂಬು ಮತ್ತು ಅರೆಮಂಡಿ

ಕಳೆದ ವಾರ ನನ್ನ ತರಗತಿಯ ಮಗುವೊಂದರ ತಾಯಿ, ಒಳಗೆ ನಡೆಯುತ್ತಿದ್ದ ಅಭ್ಯಾಸವನ್ನು ಬಾಗಿಲಿನಿಂದ ಸ್ವಲ್ಪ ಹೊತ್ತು ನೋಡಿ, "ಮೇಡಂ, ತಲೆ ಮೇಲೆ ಚೊಂಬು ಇಟ್ಟುಕೊಂಡು ಮಾಡೋದು ಕೂಚಿಪುಡಿಯವರಲ್ವಾ? ನೀವು ಭರತನಾಟ್ಯದವರಿಗೂ ಯಾಕೆ ಹೊರಿಸ್ತೀರಿ?" ಎಂದು ಕೇಳಿದರು. ನಿಂತ ನಿಲುವಿನಲ್ಲೇ ಏನೋ ಉತ್ತರ ಹೇಳಿ ಕಳುಹಿಸಿದೆನಾದರೂ ಆ ಉತ್ತರ ನನಗೇ ಸಾಲದೆನಿಸಿದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅವರ ಮಾತಿನಲ್ಲಿ ತಪ್ಪಿಲ್ಲ. ನಾರಾಯಣ ತೀರ್ಥರ ಕೃಷ್ಣಲೀಲಾ ತರಂಗಿಣಿಯ ಪದಗಳಿಗೆ ಕೂಚಿಪುಡಿ ಕಲಾವಿದರು ಹಿತ್ತಾಳೆ ತಟ್ಟೆಯ ಅಂಚನ್ನು ಪಾದಗಳಲ್ಲಿ ಹಿಡಿದು, ಕೆಲವೊಮ್ಮೆ ತಲೆಯ ಮೇಲೆ ನೀರಿನ ಚೊಂಬನ್ನೂ ಇಟ್ಟುಕೊಂಡು ನರ್ತಿಸುತ್ತಾರೆ. ನಮ್ಮಲ್ಲೇ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಪೌರ್ಣಮಿಯ ರಾತ್ರಿ ಹೊರಡುವ ಹೂವಿನ ಕರಗವಿದೆ. ಮಂಡ್ಯ, ರಾಮನಗರದ ಕಡೆ ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ದೇವಿಯ ಮುಖವನ್ನಿಟ್ಟು ತಲೆಯ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತವಿದೆ. ಇವುಗಳಲ್ಲಿ ತಲೆಯ ಮೇಲಿರುವುದು ಕಲೆಯ ಅಂಗ, ಕರಗದಲ್ಲಂತೂ ಅದು ದೇವತೆಯೇ. ನನ್ನ ತರಗತಿಯ ಚೊಂಬಿಗೆ ಆ ಯಾವ ಘನತೆಯೂ ಇಲ್ಲ. ಅದು ತಾಳ ತಟ್ಟುವ ಮರದ ತಟ್ಟುಮಣೆಯಂತೆ ಒಂದು ಸಾಧನ, ಅಷ್ಟೆ.

ಈ ಸಾಧನದ ಬಳಿ ನನ್ನನ್ನು ಕರೆತಂದದ್ದು ನನ್ನದೇ ದೋಷ. ಮೊದಲ ಎರಡು ಕಾಲಗಳಲ್ಲಿ, ಅಂದರೆ ವೇಗಗಳಲ್ಲಿ, ನೆಟ್ಟಗಿರುತ್ತಿದ್ದ ನನ್ನ ಅರೆಮಂಡಿ (ಮೊಣಕಾಲನ್ನು ಹೊರಕ್ಕೆ ಮಡಿಸಿ ಅರ್ಧ ಕೂತ ನಿಲುವು) ಮೂರನೆಯ ಕಾಲಕ್ಕೆ ಬಂದೊಡನೆ ಏಳುತ್ತಿತ್ತು. ಪ್ರತಿ ತಟ್ಟಿಗೂ ದೇಹ ಒಂದಿಷ್ಟು ಮೇಲೇರಿ ಇಳಿಯುತ್ತಿತ್ತು, ಮತ್ತು ನನಗದು ಗೊತ್ತೇ ಆಗುತ್ತಿರಲಿಲ್ಲ. "ಏಳಬೇಡಮ್ಮ, ಕೂತೇ ಮಾಡು" ಎಂದು ನನ್ನ ಗುರುಗಳು ವರ್ಷಗಟ್ಟಲೆ ಹೇಳಿದರು. ಕನ್ನಡಿಯೂ ನೆರವಾಗಲಿಲ್ಲ, ಕನ್ನಡಿ ನೋಡಿಕೊಳ್ಳಲು ಕತ್ತು ಮುಂದೆ ಚಾಚಿದರೆ ಅಲ್ಲಿಗೆ ನಿಲುವೇ ಕೆಟ್ಟಿರುತ್ತದೆ. ಒಂದು ರಜೆಯಲ್ಲಿ ಅಜ್ಜಿಯ ಮನೆಯಲ್ಲಿ, ಆಕೆ ನೀರು ಹೊರಲು ಬಳಸುತ್ತಿದ್ದಂತೆಯೇ ಹಳೆಯ ಸೀರೆಯ ತುಂಡನ್ನು ಸಿಂಬೆ ಸುತ್ತಿ, ಅದರ ಮೇಲೆ ಮುಕ್ಕಾಲು ಚೊಂಬು ನೀರಿಟ್ಟುಕೊಂಡು ಪಾದ ತಟ್ಟುವ ಅಡವಾದ (ಅಡವು ಎಂದರೆ ನೃತ್ಯದ ಮೂಲ ಹೆಜ್ಜೆ) ತಟ್ಟಡವು ಆರಂಭಿಸಿದೆ. ಮೊದಲ ಕಾಲದಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ, ಎರಡನೆಯದರಲ್ಲಿ ಕಿವಿಯ ಹಿಂದೆ ತಣ್ಣಗಾಯಿತು, ಮೂರನೆಯದರಲ್ಲಿ ಬೆನ್ನೆಲ್ಲ ಒದ್ದೆ. ಗುರುಗಳು ಏನು ಹೇಳುತ್ತಿದ್ದರೆಂಬುದು ಅಂದು ಮೈಗೆ ತಿಳಿಯಿತು.

ಅಲ್ಲಿಂದೀಚೆಗೆ ನಾನು ಗಮನಿಸಿರುವುದೇನೆಂದರೆ, ತಲೆಯ ಮೇಲಿಡುವ ಒಂದೊಂದು ವಸ್ತುವೂ ಒಂದೊಂದು ಬಗೆಯ ತಪ್ಪನ್ನು ಹಿಡಿದುಕೊಡುತ್ತದೆ. ಕಾಲು ಕಿಲೋ ರಾಗಿ ತುಂಬಿ ಹೊಲಿದ ಬಟ್ಟೆಚೀಲ ನೆತ್ತಿಯ ಆಕಾರಕ್ಕೆ ಒಗ್ಗಿ ಕೂರುವುದರಿಂದ ಸುಲಭಕ್ಕೆ ಬೀಳುವುದಿಲ್ಲ. ಹೊಸದಾಗಿ ಕಲಿಯುವವರಿಗೆ ತಮ್ಮ ನೆತ್ತಿ ಎಲ್ಲಿದೆ, ಬೆನ್ನುಮೂಳೆ ಯಾವ ಕಡೆಗೆ ನೀಳವಾಗಬೇಕು ಎಂಬ ಅರಿವನ್ನು ಅದು ಕೊಡುತ್ತದೆ. ಗಟ್ಟಿ ರಟ್ಟಿನ ಪುಸ್ತಕ ಓರೆಯನ್ನು ಹೇಳುತ್ತದೆ. ನಾಟಡವಿನಲ್ಲಿ ಬಲಗಾಲನ್ನು ಪಕ್ಕಕ್ಕೆ ಚಾಚಿದಾಗ ಮೈಯೂ ಅದೇ ಕಡೆ ವಾಲಿದರೆ ಪುಸ್ತಕ ಆ ಕ್ಷಣವೇ ಜಾರುತ್ತದೆ. (ಕೊಬ್ಬರಿ ಎಣ್ಣೆ ಹಚ್ಚಿ ಬಂದ ತಲೆಯ ಮೇಲೆ ವಾಲದಿದ್ದರೂ ಜಾರುತ್ತದೆ, ಅದಕ್ಕೆ ಮಕ್ಕಳನ್ನು ಬೈಯಬಾರದು.) ನೀರಿನ ಚೊಂಬು ಕುಲುಕಾಟವನ್ನು ಹೇಳುತ್ತದೆ. ವಾಲದೆ ನೆಟ್ಟಗೇ ಇದ್ದು ಮೇಲೆ ಕೆಳಗೆ ಪುಟಿಯುವವರ ತಲೆಯಿಂದ ಪುಸ್ತಕ ಬೀಳದೇ ಇರಬಹುದು, ನೀರು ಮಾತ್ರ ತುಳುಕಿಯೇ ತುಳುಕುತ್ತದೆ. ಯಾರಿಗೆ ಯಾವ ತೊಂದರೆ ಎಂದು ನೋಡದೆ ಎಲ್ಲರಿಗೂ ಒಂದೇ ವಸ್ತು ಹೊರಿಸುವುದರಲ್ಲಿ ಅರ್ಥವಿಲ್ಲ.

ನೋಡುವವರಿಗೆ ಎತ್ತರದ ವಸ್ತುವೇ ಹೆಚ್ಚು ಕಷ್ಟವೆನಿಸುತ್ತದೆ. ಆದರೆ ಅಂಗೈ ಮೇಲೆ ಉದ್ದ ಕೋಲನ್ನು ನಿಲ್ಲಿಸುವುದು ಪೆನ್ಸಿಲನ್ನು ನಿಲ್ಲಿಸುವುದಕ್ಕಿಂತ ಸುಲಭವೆಂಬುದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಎತ್ತರವಾದದ್ದು ನಿಧಾನವಾಗಿ ವಾಲುವುದರಿಂದ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಹೀಗೆಂದ ಮಾತ್ರಕ್ಕೆ ಕರಗ ಹೊರುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಅಷ್ಟು ಭಾರವನ್ನು ಕೈಯಲ್ಲಿ ಹಿಡಿಯದೆ ರಾತ್ರಿಯಿಡೀ ಪೇಟೆಯ ಜನಸಂದಣಿಯ ನಡುವೆ ಹೊತ್ತು ಸಾಗುವವರ ಸಿದ್ಧತೆಯೂ ವ್ರತವೂ ಬೇರೆಯೇ ಮಟ್ಟದವು. ಅಭ್ಯಾಸಕ್ಕೆ ಮಾತ್ರ ಗಿಡ್ಡ, ಹಗುರ ವಸ್ತುವೇ ಹೆಚ್ಚು ಕಟ್ಟುನಿಟ್ಟಿನ ಮೇಷ್ಟ್ರು ಎಂಬುದಷ್ಟೇ ನನ್ನ ಮಾತು. ಬೆಳೆಯುವ ಮಕ್ಕಳ ಕತ್ತಿನ ಮೇಲೆ ತುಂಬಿದ ಬಿಂದಿಗೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಇಷ್ಟು ಹೊಗಳಿದ ಮೇಲೆ, ಈ ಸಾಧನ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನೂ ಹೇಳಲೇಬೇಕು, ಏಕೆಂದರೆ ನಾನು ಅಲ್ಲಿಯೂ ಎಡವಿದವಳೇ. ಚೊಂಬು ಬೀಳಬಾರದೆಂಬ ಭಯದಲ್ಲಿ ಮಕ್ಕಳು ಮೊದಲು ಮಾಡುವುದೇ ಉಸಿರು ಕಟ್ಟುವುದು. ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ, ದವಡೆ ಬಿಗಿಯುತ್ತದೆ, ಕಣ್ಣು ಎದುರು ಗೋಡೆಯ ಒಂದೇ ಚುಕ್ಕೆಯಲ್ಲಿ ನೆಟ್ಟುಬಿಡುತ್ತದೆ. ಹೀಗೆ ನಿಂತರೆ ನೀರು ಚೆಲ್ಲುವುದಿಲ್ಲ ನಿಜ, ಆದರೆ ಅದು ನೃತ್ಯವೂ ಅಲ್ಲ. ಆದ್ದರಿಂದ ಚೊಂಬು ಹೊತ್ತವರು "ತೈಯುಂ ತತ್ತ ತೈಯುಂ ತಾ" ಎಂದು ಸೊಲ್ಲುಕಟ್ಟನ್ನು (ಹೆಜ್ಜೆಗೆ ಹೇಳುವ ಬಾಯಿತಾಳವನ್ನು) ಗಟ್ಟಿಯಾಗಿ ಹೇಳುತ್ತಲೇ ಅಡವು ಮಾಡಬೇಕೆಂದು ನಿಯಮ ಮಾಡಿದ್ದೇನೆ. ಬಾಯಿಬಿಟ್ಟು ಹೇಳುವವರು ಉಸಿರು ಕಟ್ಟಲಾರರು.

ಕಣ್ಣಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ದೇಹದ ಸಮತೋಲಕ್ಕೆ ಒಳಗಿವಿ, ಪಾದ ಮತ್ತು ಕೀಲುಗಳ ಸ್ಪರ್ಶದರಿವು, ಕಣ್ಣು ಈ ಮೂರೂ ಬೇಕು. ದೃಷ್ಟಿಯನ್ನು ಒಂದೆಡೆ ನಿಲ್ಲಿಸಿದರೆ ಕೆಲಸ ಹಗುರವಾಗುತ್ತದೆ. ನಮ್ಮ ಶಾಸ್ತ್ರವೋ "ಯತೋ ಹಸ್ತಸ್ತತೋ ದೃಷ್ಟಿಃ" ಎನ್ನುತ್ತದೆ. ಕೈ ಹೋದೆಡೆ ಕಣ್ಣು ಹೋಗಲೇಬೇಕು. ಅಭಿನಯದರ್ಪಣವೆಂಬ ನೃತ್ಯಗ್ರಂಥ ಹೇಳುವ 9 ಶಿರೋಭೇದಗಳಲ್ಲಿ, ಅಂದರೆ ತಲೆಯ ಬಗೆಗಳಲ್ಲಿ, ಅಲುಗದೆ ನಿಲ್ಲುವ ಸಮಶಿರ ಒಂದು ಮಾತ್ರ. ಉಳಿದವು ಏರುವ, ಬಾಗುವ, ತಿರುಗುವ, ತೂಗುವ ತಲೆಗಳು. ಚೊಂಬು ಕಲಿಸುವುದು ಆ ಒಂದನ್ನು. ತಿಂಗಳುಗಟ್ಟಲೆ ಅದನ್ನೇ ನೆಚ್ಚಿಕೊಂಡ ಒಬ್ಬ ವಿದ್ಯಾರ್ಥಿನಿ ಪದವೆಂಬ ಅಭಿನಯದ ಹಾಡೊಂದರ ವಿರಹಿಣಿಯನ್ನು ಕಂಬದಂತೆ ನಿಂತು ಅಭಿನಯಿಸಿದಾಗ, ಅದು ಅವಳ ತಪ್ಪಲ್ಲ, ನನ್ನದು ಎಂದು ಅರ್ಥವಾಯಿತು. ಈಗ ಅಟ್ಟಮಿ (ಕತ್ತನ್ನು ಅಕ್ಕಪಕ್ಕಕ್ಕೆ ಸರಿಸುವುದು) ಇರುವ ಅಡವುಗಳಿಗಾಗಲಿ ಅಭಿನಯದ ಪಾಠಕ್ಕಾಗಲಿ ಚೊಂಬನ್ನು ಹತ್ತಿರಕ್ಕೂ ತರುವುದಿಲ್ಲ.

ಮೊಣಕಾಲಿನ ಬಗ್ಗೆ ತಲೆಯ ಮೇಲಿನ ವಸ್ತು ಏನನ್ನೂ ಹೇಳುವುದಿಲ್ಲವೆಂಬುದನ್ನೂ ನೆನಪಿಡಬೇಕು. ಅರೆಮಂಡಿಯಲ್ಲಿ ಕಾಲು ಹೊರತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಪಾದವನ್ನಷ್ಟೇ ಪಕ್ಕಕ್ಕೆ ತಿರುಗಿಸಿ, ಮೊಣಕಾಲನ್ನು ಒಳಗೆ ಬೀಳಿಸಿ, ಸೊಂಟದ ಹಿಂಭಾಗವನ್ನು ಬಿಲ್ಲಿನಂತೆ ಬಗ್ಗಿಸಿ ನಿಂತವರ ತಲೆಯ ಮೇಲೂ ಪುಸ್ತಕ ನೆಮ್ಮದಿಯಾಗಿ ಕುಳಿತಿರುತ್ತದೆ. ನಾಟ್ಯಶಾಸ್ತ್ರ ಸೌಷ್ಠವವನ್ನು, ಅಂದರೆ ಮೈಯ ಸರಿಯಾದ ನಿಲುವನ್ನು, ವಿವರಿಸುವಾಗ ತಲೆಯೊಂದನ್ನೇ ಹೇಳದೆ ಸೊಂಟ, ಕಿವಿ, ಮೊಣಕೈ, ಭುಜ, ಎತ್ತಿದ ಎದೆ ಎಲ್ಲವನ್ನೂ ಒಟ್ಟಿಗೆ ಹೇಳಿರುವುದು ಸುಮ್ಮನೆ ಅಲ್ಲ. ಮೊಣಕಾಲಿಗೆ ಇನ್ನೂ ಗುರುವಿನ ಕಣ್ಣೇ ಬೇಕು, ಬೆನ್ನಿಗೆ ಗೋಡೆ ಬೇಕು. ಆನ್‌ಲೈನ್‌ನಲ್ಲಿ ಮಾರುವ ಅಲುಗಾಡುವ ಹಲಗೆಗಳನ್ನು ಕೊಳ್ಳಬೇಕೇ ಎಂದು ಕೇಳುವವರಿಗೂ ನಾನು ಹೇಳುವುದಿಷ್ಟೇ: ಅವು ಕಣಕಾಲಿಗೆ ಒಳ್ಳೆಯ ವ್ಯಾಯಾಮ, ಆದರೆ ಅದರ ಮೇಲೆ ನಿಂತು ತಟ್ಟಲು ಬರುವುದಿಲ್ಲ; ನಮ್ಮ ನೃತ್ಯ ಗಟ್ಟಿ ನೆಲವನ್ನು ತಟ್ಟುವ ನೃತ್ಯ.

ಆ ತಾಯಿಯ ಎರಡನೆಯ ಪ್ರಶ್ನೆ, ವಾರ್ಷಿಕೋತ್ಸವದಲ್ಲಿ ಇದನ್ನೇ ದೀಪವಿಟ್ಟು ವೇದಿಕೆಯ ಮೇಲೆ ಮಾಡಿಸಬಹುದಲ್ಲವೇ, ಚಪ್ಪಾಳೆ ಬರುತ್ತದೆ, ಎಂಬುದಾಗಿತ್ತು. ಬರುತ್ತದೆ, ನನಗೂ ಗೊತ್ತು. ಆದರೆ ಸಭೆಯ ಕಣ್ಣೆಲ್ಲ ಆಗ ದೀಪದ ಮೇಲಿರುತ್ತದೆ, ಮಗುವಿನ ಅಡವಿನ ಮೇಲಲ್ಲ. ಮಗುವಿನ ಗಮನವೂ ಅಲ್ಲೇ ಇರುತ್ತದೆ. ನಮ್ಮಲ್ಲಿ ಚೊಂಬಿಗೆ ದಿನಕ್ಕೆ 10 ನಿಮಿಷ ಮೀಸಲು. ಆಮೇಲೆ ಅದನ್ನು ಇಳಿಸಿ, ಅದೇ ಅಡವನ್ನು ಬರಿದಲೆಯಲ್ಲಿ ಮೂರೂ ಕಾಲಗಳಲ್ಲಿ ಮಾಡಿಸುತ್ತೇನೆ. ಭಾರ ಇಳಿದ ಆ ಮೊದಲ ಆವರ್ತದಲ್ಲಿ (ತಾಳದ ಒಂದು ಸುತ್ತಿನಲ್ಲಿ) ತಲೆ ತಾನಾಗಿಯೇ ಮೇಲಕ್ಕೆ ತೇಲಿದಂತಾಗುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಎರಡನೆಯ ಆವರ್ತಕ್ಕೆ ಅದು ಮಾಯವಾಗಿರುತ್ತದಂತೆ. ಹಾಗಾಗಿ ಮೊದಲ ಆವರ್ತವನ್ನು ನಾನು ಮಾತಾಡದೆ ನೋಡುತ್ತೇನೆ.